ಸೆಪಿಕ್ ತೀರದ ಗಂಡಸರ ಮನೆ

1975ರಲ್ಲಿ ಸ್ವತಂತ್ರವಾದ ಪಾಪುವಾ ನ್ಯೂಗಿನಿಯಲ್ಲಿ ಸೆಪಿಕ್ ಎಂಬ ಮಹಾನದಿಯಿದೆ. ಅದರ ತೀರದಲ್ಲಿ ವಾಸಿಸುವ ಯಾತ್ಮುಲ್ ಜನರ ‘ಗಂಡಸರ ಮನೆ’ಯ ವಿಷಯವನ್ನು ಓದಿದಾಗ, ಮಕ್ಕಳಿಗೆ ಅಕ್ಷರ ಕಲಿಸುವ ವೃತ್ತಿಯವರಾದ ನಮಗೆ ಅದೊಂದು ವಿಚಿತ್ರ ಪಾಠಶಾಲೆಯೆಂದೇ ತೋರಿತು.

ಊರ ನಡುವೆ ಭಾರಿ ಕಂಬಗಳ ಮೇಲೆ ನಿಂತ, ಎತ್ತರದ ಮಾಡಿನ ಮನೆಯದು. ಒಳಗೆ ವಾಗ್ಮಿಗೊಂದು ಪೀಠ. ಅದು ಕುಳಿತುಕೊಳ್ಳುವುದಕ್ಕಲ್ಲ, ಮಾತಾಡುವವನು ಎಲೆಗಳ ಕಟ್ಟಿನಿಂದ ಅದನ್ನು ಬಡಿಬಡಿದು ವಾದಿಸುತ್ತಾನೆ. ಹೆಂಗಸರಿಗೆ ಪ್ರವೇಶವಿಲ್ಲ. ಒಳಗಿನ ಬಿದಿರ ಕೊಳಲಿನ ನಾದ ಊರಿಗೆಲ್ಲ ಕೇಳಿಸಬೇಕು. ಕೊಳಲನ್ನು ಮಾತ್ರ ಅವರು ಕಾಣಕೂಡದು. ನಮ್ಮ ಶಾಲೆಯ ಮಗು ಕಲಿತದ್ದನ್ನು ಮನೆಗೆ ಹೋಗಿ ತಾಯಿಯ ಮುಂದೆ ಒಪ್ಪಿಸುತ್ತದೆ. ಅಲ್ಲಿ ತಾಯಿಗೆ ಹೇಳದಿರುವುದೇ ವಿದ್ಯೆ!

ಹುಡುಗನು ಗಂಡಸೆನಿಸಿಕೊಳ್ಳುವ ದಿನ ಅವನ ಬೆನ್ನಿನ ಚರ್ಮವನ್ನು ಸಾಲುಸಾಲಾಗಿ ಕೊಯ್ಯುತ್ತಾರೆ. ಗಾಯ ಮಾಗಿದ ಮೇಲೆ ಮೈ ಮೊಸಳೆಯ ಚರ್ಮದಂತೆ ಉಬ್ಬಿನಿಲ್ಲುತ್ತದೆ. ತಾಯಿಯಿಂದ ಬಂದ ರಕ್ತವು ಹರಿದುಹೋಗಬೇಕೆಂಬುದು ಅವರ ಭಾವನೆ. ಆದರೆ ಆ ನೋವಿನಲ್ಲಿ ಹುಡುಗನು ತಬ್ಬಿಕೊಂಡಿರುವುದು ಯಾರನ್ನು? ಸೋದರಮಾವನನ್ನು! ಕಿವಿ ಚುಚ್ಚಿಸುವಾಗ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯನ್ನು ಹೊರಗಿಟ್ಟ ಮನೆಯೊಳಕ್ಕೆ ತಾಯಿಯ ಪಕ್ಷದವನು ಬಂದೇ ಬಂದನು.

ಇದಕ್ಕಿಂತ ಬೆರಗಿನ ಸಂಗತಿಯೊಂದುಂಟು. ಗ್ರೆಗರಿ ಬೇಟ್‌ಸನ್ ಎಂಬ ವಿದ್ವಾಂಸರು 1936ರಲ್ಲಿ ‘ನಾವೆನ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ನಾವೆನ್ ಎಂಬುದು ಅವರು ಕಂಡ ಒಂದು ಆಚರಣೆ. ಮಗುವು ಮೊದಲ ಸಲ ಮೀನು ಹಿಡಿದರೂ ಸಾಕು, ಸೋದರಮಾವನು ಹರಕು ಸೀರೆಯುಟ್ಟ ವಿಧವೆಯಂತೆ, ಅಂದರೆ ಅಲ್ಲಿಯ ಹೆಂಗಸರ ಕೊಳಕು ನಾರುಡುಗೆ ತೊಟ್ಟು, ಕೋಲೂರಿ ಎಡವುತ್ತ ಅಳಿಯನನ್ನು ಹುಡುಕಿಕೊಂಡು ಹೊರಡುವನು. ಮಕ್ಕಳಿಗೆ ನಗುವೋ ನಗು. ಸೋದರತ್ತೆಯಾದರೋ ಗಂಡಸರ ಒಳ್ಳೊಳ್ಳೆಯ ಒಡವೆಗಳನ್ನು ಧರಿಸಿ ಬೀಗುತ್ತ ನಡೆಯುವಳು. ಗಂಡಸು ಹೆಣ್ಣಾಗುವಾಗ ಹರಕು ವೇಷ, ಹೆಣ್ಣು ಗಂಡಾಗುವಾಗ ಸಿಂಗಾರ! ಇದನ್ನು ಸಮಾನತೆಯೆಂದು ಹೊಗಳಲು ನಮಗೆ ಮನಸ್ಸು ಬರುವುದಿಲ್ಲ.

ದಿನನಿತ್ಯದ ಮೀನು ಹಿಡಿದು, ಅದನ್ನು ಕೊಟ್ಟು ನೆರೆಯೂರ ಹೆಂಗಸರಿಂದ ಸಾಗುಹಿಟ್ಟು ತಂದು ಊರನ್ನು ಸಾಕುತ್ತ ಬಂದವರು ಹೆಂಗಸರೇ. ಕೊಳಲು ಮೊದಲು ಹೆಂಗಸರದಾಗಿತ್ತು, ಗಂಡಸರು ಅಪಹರಿಸಿದರು ಎಂಬ ಕಥೆಯೂ ಮೆಲನೇಷ್ಯದ ಹಲವೆಡೆ ಇದೆ. ಅದನ್ನು ಗುಟ್ಟಾಗಿ ಹೇಳಿಕೊಳ್ಳುವವರು ಗಂಡಸರೇ.

ಈಗ ಕೆಲವು ಊರುಗಳಲ್ಲಿ ಪರದೇಶದ ಪ್ರವಾಸಿ ಹೆಂಗಸು ಹಣ ತೆತ್ತು ಆ ಮನೆಯೊಳಗೆ ಹೋಗಿಬರಬಹುದು. ಮೀನು ತಂದ ಆ ಊರಿನ ತಾಯಿ ಹೋಗುವಂತಿಲ್ಲ.