ಐದು ವೋಲ್ಟಿನ ಸುಟ್ಟ ಗಾಯ

ಆಂತರಿಕ ರೋಧವನ್ನು ನಾನು ವರ್ಷಗಟ್ಟಲೆ ಒಂದು ಕೊರತೆಯೆಂದೇ ಪಾಠ ಮಾಡಿದವನು. ಕೋಶದಿಂದ ಹೆಚ್ಚು ಪ್ರವಾಹ ಎಳೆದಷ್ಟೂ ಅದರ ತುದಿಗಳ ನಡುವಿನ ವೋಲ್ಟೇಜು ಕುಸಿಯುತ್ತದೆ, ಆದರ್ಶ ಕೋಶದಲ್ಲಿ ಈ ರೋಧ ಸೊನ್ನೆ, ನಿಜವಾದ ಕೋಶ ಆ ಆದರ್ಶವನ್ನು ಮುಟ್ಟಲಾರದು ಎಂದು ಕಪ್ಪುಹಲಗೆಯ ಮೇಲೆ ಬರೆದು, ಒಂದು ಲೆಕ್ಕ ಬಿಡಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆ ರೋಧ ಮಕ್ಕಳ ಕೈಯನ್ನು ಕಾಯುತ್ತಿತ್ತು ಎಂಬುದು ನನಗೆ ಹೊಳೆದದ್ದು ಒಬ್ಬ ಹುಡುಗಿಯ ಬೆರಳು ಸುಟ್ಟ ಮೇಲೆ.

ನಾನು ಕಲಿಸುತ್ತಿದ್ದದ್ದು ಪಿಯು ತರಗತಿಗಳಿಗೆ ಭೌತಶಾಸ್ತ್ರ. ಹೈಸ್ಕೂಲಿನ ಮಕ್ಕಳೂ ಪ್ರಯೋಗಕ್ಕೆ ನಮ್ಮ ಲ್ಯಾಬಿಗೇ ಬರುತ್ತಿದ್ದರು. ಅಲ್ಲಿದ್ದವು ಹಳೆಯ ಬ್ಯಾಟರಿ ಎಲಿಮಿನೇಟರುಗಳು: ಒಳಗೊಂದು ಟ್ರಾನ್ಸ್‌ಫಾರ್ಮರು, ನಾಲ್ಕು ಡಯೋಡು, ಒಂದು ಕೆಪಾಸಿಟರು, ಮುಂದೆ 2ರಿಂದ 12 ವೋಲ್ಟಿನವರೆಗೆ ತಿರುಗುವ ನಾಬು. 2 ಆಂಪಿಯರು ದಾಟಿಸಲು ಹೋದರೆ ಟ್ರಾನ್ಸ್‌ಫಾರ್ಮರು ಗುಂಯ್‌ಗುಡುತ್ತಿತ್ತು, ವೋಲ್ಟೇಜು ಜಾರಿಬಿಡುತ್ತಿತ್ತು. ಅಳತೆ ನಿಲ್ಲುವುದಿಲ್ಲವೆಂದು ಅವುಗಳ ಮೇಲೆ ನನಗೆ ಸಿಟ್ಟಿತ್ತು. ಒಂದೊಂದಾಗಿ ಕೆಟ್ಟವು. ಹೊಸದು ಬೇಕೆಂದು ಪಟ್ಟಿ ಬರೆದು ಕೊಟ್ಟದ್ದು ಕಡತದಲ್ಲೇ ಉಳಿಯಿತು.

ಪಕ್ಕದ ಕೋಣೆಯಲ್ಲಿ ಗುಜರಿಗೆ ಹೋಗಲು ಕಾದಿದ್ದ ಹಳೆಯ ಸಿಪಿಯುಗಳಿದ್ದವು. ಅವುಗಳಿಗೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಗಳನ್ನು ಬಿಚ್ಚಿಕೊಂಡೆ. ಇಂಟೆಲ್ ಕಂಪನಿ 1995ರಲ್ಲಿ ಹೊರತಂದ ಎಟಿಎಕ್ಸ್ ವಿನ್ಯಾಸ ಬಂದಮೇಲೆ ಈ ಪೆಟ್ಟಿಗೆಗಳ ವೈರಿನ ಬಣ್ಣಗಳು ಎಲ್ಲ ಕಡೆ ಬಹುಮಟ್ಟಿಗೆ ಒಂದೇ. ಹಳದಿಯಲ್ಲಿ 12 ವೋಲ್ಟು, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3, ಕಪ್ಪು ಗ್ರೌಂಡು. ಪ್ಲಗ್ ಚುಚ್ಚಿದಾಗಿನಿಂದ ನೇರಳೆ ವೈರಿನಲ್ಲಿ ಮಾತ್ರ 5 ವೋಲ್ಟು ಎಚ್ಚರವಾಗಿರುತ್ತದೆ. ಹಸಿರನ್ನು ಕಪ್ಪಿಗೆ ಸೇರಿಸಿದ ಕ್ಷಣ ಫ್ಯಾನು ತಿರುಗಿ ಉಳಿದ ವೈರುಗಳಿಗೆ ಜೀವ ಬರುತ್ತದೆ. ಹಸಿರು–ಕಪ್ಪುಗಳ ನಡುವೆ ಒಂದು ಸ್ವಿಚ್ಚು, ಪ್ಲೈವುಡ್ ಹಲಗೆಯ ಮೇಲೆ ಬಣ್ಣಕ್ಕೊಂದು ಸಾಕೆಟ್ಟು. ಕೆಂಪು ವೈರಿನ ಮೇಲೆ ಏನಾದರೂ ಹೊರೆ ಇರದಿದ್ದರೆ ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 12 ವೋಲ್ಟು ಸರಿಯಾಗಿ ನಿಲ್ಲುವುದಿಲ್ಲ, ಅದಕ್ಕೆ 10 ಓಮಿನ, 10 ವ್ಯಾಟಿನ ಒಂದು ಸಿಮೆಂಟ್ ರೆಸಿಸ್ಟರನ್ನು ಕಾಯಂ ಆಗಿ ಅಲ್ಲಿ ಕೂರಿಸಿದೆ. ತಗಡಿನ ಪೆಟ್ಟಿಗೆಯನ್ನು ಮಾತ್ರ ತೆರೆಯಲಿಲ್ಲ. ಮನೆಯ 230 ವೋಲ್ಟು ಒಳಗೆ ಡಯೋಡು ದಾಟಿ ಸುಮಾರು 325 ವೋಲ್ಟಾಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಲ್ಲದು. ಆ ಅಪಾಯ ನನಗೆ ಗೊತ್ತಿತ್ತು. ಆದ್ದರಿಂದಲೇ ಅಪಾಯವೆಲ್ಲ ತಗಡಿನ ಒಳಗಡೆಯೇ ಇದೆ, ಹೊರಗೆ ಬಂದ 5 ವೋಲ್ಟಿನಲ್ಲಿ ಏನಿದೆ ಎಂದುಕೊಂಡೆ.

ಪರೀಕ್ಷೆ ಮಾಡದೆ ಮಕ್ಕಳ ಕೈಗೆ ಕೊಡಲಿಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ನಾನು ಎಡವಿದ್ದು ಆ ಪರೀಕ್ಷೆಯಲ್ಲೇ. ಕೆಂಪು, ಕಪ್ಪು ಸಾಕೆಟ್ಟುಗಳನ್ನು ದಪ್ಪ ವೈರಿನಿಂದ ನೇರ ಶಾರ್ಟ್ ಮಾಡಿ ನೋಡಿದೆ. ಟಕ್ ಎಂದು ಎಸ್‌ಎಂಪಿಎಸ್ ಆಫ್ ಆಯಿತು. ಎಷ್ಟು ಸಲ ಮಾಡಿದರೂ ಹಾಗೆಯೇ. ಮಕ್ಕಳು ಏನೇ ತಪ್ಪು ಜೋಡಿಸಿದರೂ ಇದು ತಾನೇ ನಿಲ್ಲುತ್ತದೆ ಎಂದು ನಿರಾಳವಾದೆ. ಪೆಟ್ಟಿಗೆಯ ಲೇಬಲ್ಲಿನಲ್ಲಿ 5 ವೋಲ್ಟಿಗೆ 25 ಆಂಪಿಯರ್ ಎಂದಿತ್ತು. ಹಳೆಯ ಎಲಿಮಿನೇಟರಿನ 2 ಎಲ್ಲಿ, ಈ 25 ಎಲ್ಲಿ ಎಂದು ಸಹೋದ್ಯೋಗಿಗಳಿಗೆ ತೋರಿಸಿದೆ.

ಹತ್ತನೇ ತರಗತಿಯವರು ವಿದ್ಯುತ್ಕಾಂತ ಮಾಡಲು ಬಂದರು. ಪಂಪ್‌ಸೆಟ್ ಮೋಟರು ರಿವೈಂಡಿಂಗ್ ಮಾಡುವ ಅಂಗಡಿಯಿಂದ 26 ಗೇಜಿನ ತಾಮ್ರದ ವೈಂಡಿಂಗ್ ವೈರು ತಂದು ತುಂಡರಿಸಿ ಕೊಟ್ಟಿದ್ದೆ. ದಪ್ಪ ಮೊಳೆಗೆ ಒತ್ತೊತ್ತಾಗಿ ಸುತ್ತಿ, ತುದಿಯ ಲೇಪ ಕೆರೆದು, 5 ವೋಲ್ಟಿಗೆ ಸಿಕ್ಕಿಸಬೇಕು. ಒಬ್ಬ ಹುಡುಗಿ ಎಲ್ಲರಿಗಿಂತ ಅಚ್ಚುಕಟ್ಟಾಗಿ ಸುತ್ತಿದ್ದಳು. ಮೊಳೆಯನ್ನು ಕೈಯಲ್ಲಿ ಹಿಡಿದು ಗುಂಡುಸೂಜಿಗಳ ಕಡೆ ಬಾಗಿದವಳು, "ಸಾರ್, ಬಿಸಿಯಾಗ್ತಿದೆ" ಅಂದಳು. ನಾನು ಆಚೆ ಟೇಬಲ್ಲಿನಿಂದಲೇ, "ಹಿಡ್ಕೊಮ್ಮ, ಏನೂ ಆಗಲ್ಲ, ಐದೇ ವೋಲ್ಟು" ಅಂದೆ. ಅವಳು ಹಿಡಿದುಕೊಂಡಳು. ಮೇಷ್ಟ್ರು ಹೇಳಿದರಲ್ಲ ಎಂದು ಹಿಡಿದುಕೊಂಡಳು. ಮರುಕ್ಷಣ ಲೇಪ ಸುಟ್ಟ ವಾಸನೆ, ಹೊಗೆ, ಅವಳ ಕೂಗು. ನಲ್ಲಿಯ ನೀರಿಗೆ ಕೈಯೊಡ್ಡಿಸಿ ನಿಂತಾಗ ಹೆಬ್ಬೆರಳು, ತೋರುಬೆರಳಿನ ಮೇಲೆ ತಂತಿಯ ಸುತ್ತುಗಳು ಗೆರೆಗೆರೆಯಾಗಿ ಮೂಡಿದ್ದವು.

ಎಸ್‌ಎಂಪಿಎಸ್ ಆಫ್ ಆಗಿರಲಿಲ್ಲ. ಅದರ ಫ್ಯಾನು ನೆಮ್ಮದಿಯಿಂದ ತಿರುಗುತ್ತಲೇ ಇತ್ತು.

ಆ ರಾತ್ರಿ ಲೆಕ್ಕ ಹಾಕಿದೆ. ಅದನ್ನು ಮೊದಲೇ ಹಾಕಬೇಕಿತ್ತು. 26 ಗೇಜಿನ ತಾಮ್ರ ಮೀಟರಿಗೆ ಸುಮಾರು 0.1 ಓಮು. ಮೂರು ಮೀಟರಿಗೆ 0.3. ಐದು ವೋಲ್ಟನ್ನು ಅದರಿಂದ ಭಾಗಿಸಿದರೆ ಸುಮಾರು 16 ಆಂಪಿಯರು. 1841ರಲ್ಲಿ ಜೂಲ್ ಪ್ರಕಟಿಸಿದ ನಿಯಮದಂತೆ ಶಾಖ ಸುಮಾರು 80 ವ್ಯಾಟು. ನಮ್ಮ ಲ್ಯಾಬಿನ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥ ಮೂರರ ಶಾಖವನ್ನು ಮಗುವಿನ ಬೆರಳ ನಡುವೆ ಇಟ್ಟಿದ್ದೆ. ಅಷ್ಟು ತಾಮ್ರದ ತೂಕ ನಾಲ್ಕೂವರೆ ಗ್ರಾಮು ಕೂಡ ಇಲ್ಲ. ಮೊಳೆ ಹೀರಿಕೊಳ್ಳುವುದನ್ನು ಬಿಟ್ಟರೆ ಸೆಕೆಂಡಿಗೆ ನಲವತ್ತು ಡಿಗ್ರಿಗೂ ಮೀರಿ ಕಾಯಬಲ್ಲದು. ಅವಳು "ಬಿಸಿ" ಎಂದದ್ದಕ್ಕೂ ನಾನು ಬಾಯಿ ಮುಚ್ಚುವುದಕ್ಕೂ ನಡುವೆ ಇದ್ದ ಹೊತ್ತೇ ಸಾಕಾಗಿತ್ತು.

ನನ್ನ ಶಾರ್ಟ್ ಪರೀಕ್ಷೆ ಏನನ್ನೂ ಸಾಬೀತು ಮಾಡಿರಲಿಲ್ಲ. ಎಸ್‌ಎಂಪಿಎಸ್ ಆಫ್ ಆಗುವುದು ವೋಲ್ಟೇಜು ಪೂರ್ತಿ ನೆಲಕಚ್ಚಿದಾಗ ಅಥವಾ ಪ್ರವಾಹ ಅದರ ಶಕ್ತಿಯನ್ನು ಮೀರಿದಾಗ. 16 ಆಂಪಿಯರು ಅದಕ್ಕೆ ಮೀರಿದ್ದಲ್ಲ, ದಿನನಿತ್ಯದ ಕೆಲಸ. ಪೆಂಟಿಯಂ 4ಕ್ಕಿಂತ ಹಿಂದಿನ ಬಹುಪಾಲು ಬೋರ್ಡುಗಳಲ್ಲಿ ಪ್ರೊಸೆಸರಿಗೆ ವಿದ್ಯುತ್ತು ಹೋಗುತ್ತಿದ್ದದ್ದು ಈ 5 ವೋಲ್ಟಿನಿಂದಲೇ. ಹಳೆಯ ಪೆಟ್ಟಿಗೆಗಳಲ್ಲಿ ಕೆಂಪು ವೈರು ಅಷ್ಟು ಬಲವಾಗಿರುವುದು ಅದಕ್ಕೇ. ಹುಡುಗಿಯ ಸುರುಳಿಯನ್ನು ಅದು ಕಂಪ್ಯೂಟರೆಂದೇ ತಿಳಿದು ಕೇಳಿದಷ್ಟು ಕೊಟ್ಟಿತು. ನನ್ನ ಸಿಟ್ಟಿಗೆ ಗುರಿಯಾಗಿದ್ದ ಹಳೆಯ ಎಲಿಮಿನೇಟರಾದರೆ ಗುಂಯ್‌ಗುಟ್ಟಿ, ವೋಲ್ಟೇಜು ಇಳಿಸಿ, ಮೊಳೆಯನ್ನು ಬೆಚ್ಚಗೆ ಮಾಡಿ ಬಿಡುತ್ತಿತ್ತು.

ಆಮೇಲೆ ಐಇಸಿ 60950 ಎಂಬ ಸುರಕ್ಷತಾ ಮಾನಕವನ್ನು ಓದಿದೆ. ಕೇವಲ 2 ವೋಲ್ಟಿದ್ದರೂ 240 ವೋಲ್ಟ್-ಆಂಪಿಯರು ಒದಗಿಸಬಲ್ಲದ್ದನ್ನು ಅದು ಅಪಾಯಕಾರಿ ಶಕ್ತಿಯ ಮಟ್ಟವೆಂದು ಎಣಿಸುತ್ತಿತ್ತು. ಶಾಕ್ ಹೊಡೆಯುವುದೇ ಬೇರೆ, ಸುಡುವುದೇ ಬೇರೆ ಎಂದು ಆ ಎಂಜಿನಿಯರುಗಳು ಬರೆದಿಟ್ಟಿದ್ದರು. ನನ್ನ ಪೆಟ್ಟಿಗೆಯ 5 ವೋಲ್ಟಿನ ಸಾಲು ಆ ಮಿತಿಯ ಅರ್ಧದಷ್ಟಿತ್ತು. ಸಣ್ಣ ತಂತಿಗೆ ಅದೇ ಧಾರಾಳವಾಯಿತು.

ಮಾರನೆಯ ದಿನ ಹುಡುಗಿಯ ತಾಯಿ ಬಂದರು. ಜೋರು ಮಾಡಲಿಲ್ಲ. "ಬಿಸಿಯಾಗ್ತಿದೆ ಅಂತ ಇವಳು ಹೇಳಿದ್ಲಂತಲ್ಲ ಮೇಷ್ಟ್ರೆ?" ಎಂದು ಮಾತ್ರ ಕೇಳಿದರು. "ಹೇಳಿದ್ಲಮ್ಮ. ನಾನೇ ಹಿಡ್ಕೊ ಅಂದೆ" ಅಂದೆ. ಗಾಯ ವಾಸಿಯಾಯಿತು. ಸರ್ಕಿಟ್ಟಿನ ತಪ್ಪಿಗಿಂತ ನನ್ನನ್ನು ಇಂದಿಗೂ ಕಾಡುವುದು ಆ ಮಾತೇ. ಅವಳ ಬೆರಳು ಅಳೆದು ಹೇಳಿದ್ದನ್ನು ಬಿಟ್ಟು ನಾನು ಪುಸ್ತಕದ ಒಂದು ಸಂಖ್ಯೆಯನ್ನು ನಂಬಿದೆ.

ಹಲಗೆಯನ್ನು ಬಿಸಾಡಲಿಲ್ಲ. ಪ್ರತಿ ಸಾಕೆಟ್ಟಿಗೂ 3 ಆಂಪಿಯರಿನ ಗಾಜಿನ ಫ್ಯೂಸು ಹಾಕಿದೆ. ಆದರೆ ಫ್ಯೂಸು ಹಾರಲು ಹೊತ್ತು ಹಿಡಿಯುವುದುಂಟು, ಹಾರಿದರೆ ಪ್ರಯೋಗವೂ ನಿಂತಿತು. ಹಾಗಾಗಿ ಅದರ ಜೊತೆಗೆ ಸರಣಿಯಲ್ಲಿ ಕಾರಿನ ಇಂಡಿಕೇಟರಿನ 12 ವೋಲ್ಟು, 21 ವ್ಯಾಟಿನ ಬಲ್ಬು ಸೇರಿಸಿದೆ. ತಣ್ಣಗಿರುವಾಗ ಅದರ ತಂತುವಿನ ರೋಧ ಒಂದು ಓಮಿಗಿಂತ ಕಡಿಮೆ, ಸಣ್ಣ ಸರ್ಕಿಟ್ಟಿಗೆ ಅದು ಇದ್ದದ್ದೇ ಗೊತ್ತಾಗುವುದಿಲ್ಲ. ಹೆಚ್ಚು ಎಳೆದರೆ ತಂತು ಕಾದು ರೋಧ ಏಳು ಓಮಿನ ಕಡೆಗೆ ಏರುತ್ತದೆ. 12 ವೋಲ್ಟನ್ನು ನೇರ ಶಾರ್ಟ್ ಮಾಡಿದರೂ ಒಂದೂಮುಕ್ಕಾಲು ಆಂಪಿಯರಿಗೆ ನಿಲ್ಲುತ್ತದೆ. ಅದೇ ಮೊಳೆಯ ಸುರುಳಿಗೆ ಈಗ 5 ವೋಲ್ಟಿನಿಂದ ಹರಿಯುವುದು ಸುಮಾರು 1 ಆಂಪಿಯರು. ಸುರುಳಿಯಲ್ಲಿ ಅರ್ಧ ವ್ಯಾಟಿನಷ್ಟೂ ಶಾಖವಿಲ್ಲ, ಗುಂಡುಸೂಜಿಗಳು ಮಾತ್ರ ಚೆನ್ನಾಗಿಯೇ ಅಂಟುತ್ತವೆ. ಬಲ್ಬು ಹೊತ್ತಿದ್ದು ಕಂಡರೆ ತಮ್ಮ ಜೋಡಣೆ ಅತಿಯಾಗಿ ಎಳೆಯುತ್ತಿದೆ ಎಂದು ಮಕ್ಕಳಿಗೇ ತಿಳಿಯುತ್ತದೆ. ಬಲ್ಬೂ ಸುಡುತ್ತದೆ, ಅದಕ್ಕೆ ಕೈಗೆಟುಕದಂತೆ ಜಾಲರಿಯೊಳಗೆ ಕೂರಿಸಿದ್ದೇನೆ.

ಬೇರೆ ಊರಿನ ಮೇಷ್ಟ್ರುಗಳು ತಮಗೂ ಇಂಥದ್ದು ಬೇಕೆಂದಾಗ ಮಾಡಿಕೊಡುತ್ತೇನೆ. ಬಲ್ಬು ತರುವಾಗ ಮಾತ್ರ ನೋಡಿ ತನ್ನಿ ಎನ್ನುತ್ತೇನೆ. ಆಟೊಮೊಬೈಲ್ ಅಂಗಡಿಯಲ್ಲಿ ಈಗ ಒಳ್ಳೆಯದೆಂದು ಎಲ್‌ಇಡಿ ಬಲ್ಬನ್ನೇ ಕೊಡುತ್ತಾರೆ. ಅದರಿಂದ ಈ ಕೆಲಸವಾಗದು. ಒಳಗೆ ತಂತು ಇರುವ ಹಳೆಯ ಬಲ್ಬನ್ನೇ ಕೇಳಿ ತೆಗೆದುಕೊಳ್ಳಬೇಕು.