ನಗರ, ಕಡಲು, ಕಾಡು: ನಾಲ್ಕು ದಿನಗಳ ನಮ್ಮ ಯೋಜನೆ



ಜನವರಿಯಲ್ಲಿ ಯುವ ಬಳಗದ ಪ್ರವಾಸ ಎಲ್ಲಿಗೆ ಎಂದು ಕೇಳಿದಾಗ ಬಂದ ಮೊದಲ ಉತ್ತರ ಫುಕೆಟ್, ಎರಡನೆಯದು ಬಾಲಿ. ಮೊಬೈಲಿನಲ್ಲಿ ನೋಡುವ ರೀಲ್ಸುಗಳಲ್ಲೆಲ್ಲ ಅದೇ: ಒಂದು ದಿನ ನಗರ, ಒಂದು ದಿನ ಬೀಚ್, ಒಂದು ದಿನ ಕಾಡು. ಆಸೆಯೇನೋ ತಪ್ಪಲ್ಲ. ಆದರೆ ಈ ಮೂರೂ ಸಿಗುವ ಊರು ನಮ್ಮದೇ ರಾಜ್ಯದಲ್ಲಿ, ಒಂದೇ ರೈಲಿನ ದೂರದಲ್ಲಿದೆ. ಅದು ಕೊಚ್ಚಿ. ಕಾಸರಗೋಡಿನ ಕನ್ನಡಿಗರಾದ ನಾವು ಓದಿಗೆ, ಆಸ್ಪತ್ರೆಗೆ, ಹಬ್ಬದ ಬಟ್ಟೆಗೆ, ಎಲ್ಲದಕ್ಕೂ ಮಂಗಳೂರಿನ ಕಡೆ ಮುಖ ಮಾಡುವವರು. ನಮ್ಮಲ್ಲಿ ಹೆಚ್ಚಿನವರು ಕೊಚ್ಚಿಯನ್ನು ನೋಡಿರುವುದು ಮಲಯಾಳಂ ಸಿನಿಮಾಗಳಲ್ಲಿ ಮಾತ್ರ.

ಯೋಜನೆಗೆ ಕುಳಿತಾಗ "ಏನೇನು ನೋಡಬೇಕು" ಎಂಬುದನ್ನು ಬದಿಗಿಟ್ಟು, "ಯಾರು ಯಾರು ಬರಬೇಕು" ಎಂದು ಮೊದಲು ಬರೆದೆವು. ಹದಿನಾಲ್ಕು ಹೆಸರು. ಅದರಲ್ಲಿ ಅಂಗಡಿಯಲ್ಲಿ ದುಡಿಯುವವರಿದ್ದಾರೆ. ಒಂದು ದಿನದ ರಜೆ ಎಂದರೆ ಅವರಿಗೆ ಒಂದು ದಿನದ ಸಂಬಳ ಇಲ್ಲ. ಕಾಲೇಜಿನ ಫೀಸನ್ನೇ ಕಂತಿನಲ್ಲಿ ಕಟ್ಟುವವರಿದ್ದಾರೆ. ಪ್ರವಾಸದ ಮಾತು ಬಂದಾಗ ಯಾರೂ "ಹಣ ಇಲ್ಲ" ಎನ್ನುವುದಿಲ್ಲ. "ಮನೆಯಲ್ಲಿ ಸ್ವಲ್ಪ ಕೆಲಸ ಇದೆ" ಎನ್ನುತ್ತಾರೆ. ಆ ಮಾತಿನ ಅರ್ಥ ಗೊತ್ತಿದ್ದೂ ಗೊತ್ತಿಲ್ಲದವರಂತೆ ಬಸ್ಸು ಹತ್ತುವುದು ಯುವ ಬಳಗಕ್ಕೆ ಸಲ್ಲದು. ಹಾಗಾಗಿ ಎಲ್ಲರಿಗಿಂತ ಕಡಿಮೆ ರಜೆ ಮತ್ತು ಕಡಿಮೆ ಹಣ ಇರುವವರೇ ಈ ಪ್ರವಾಸದ ಅಳತೆಗೋಲು ಎಂದು ತೀರ್ಮಾನಿಸಿದೆವು. ದಿನ ನಾಲ್ಕು, ಅದರಲ್ಲಿ ಕೆಲಸ ತಪ್ಪುವುದು ಮೂರು ದಿನ.

ಈ ಅಳತೆ ಇಟ್ಟ ಕೂಡಲೇ ಪಟ್ಟಿಯಿಂದ ಮೊದಲು ಹೊರಬಿದ್ದದ್ದು ಮುನ್ನಾರ್. ಕೊಚ್ಚಿಯಿಂದ ಸುಮಾರು 130 ಕಿಲೋಮೀಟರ್, ಅದರಲ್ಲಿ ಸುಮಾರು ಅರ್ಧದಷ್ಟು ಘಾಟಿ ರಸ್ತೆ. ಹೋಗಿ ಬರುವುದರಲ್ಲೇ ಎರಡು ಹಗಲು ಬಸ್ಸಿನಲ್ಲಿ ಕಳೆಯುತ್ತವೆ. ನೀಲಕುರಿಂಜಿ ಅಲ್ಲಿ 2018ರಲ್ಲಿ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವಾದ್ದರಿಂದ ಮುಂದಿನದು 2030ಕ್ಕೆ. ಮುನ್ನಾರ್ ಅಲ್ಲಿಯವರೆಗೆ ಕಾಯಲಿ.

ಕಾಡಿಗಾಗಿ ಆರಿಸಿದ್ದು ತಟ್ಟೇಕಾಡ್. ಮುನ್ನಾರಿನ ದಾರಿಯಲ್ಲೇ ಸಿಗುವ ಕೋದಮಂಗಲಂ ಪಟ್ಟಣದ ಹತ್ತಿರ, ಪೆರಿಯಾರ್ ನದಿಯ ದಡದಲ್ಲಿರುವ ಪಕ್ಷಿಧಾಮ. ಪಕ್ಷಿತಜ್ಞ ಸಲೀಂ ಅಲಿಯವರು 1930ರ ದಶಕದಲ್ಲೇ ಇಲ್ಲಿ ಹಕ್ಕಿಗಳ ಸಮೀಕ್ಷೆ ಮಾಡಿದ್ದರು. 1983ರಲ್ಲಿ ಇದು ಪಕ್ಷಿಧಾಮವಾಯಿತು. ಒಣಗಿದ ಎಲೆಯಂತೆಯೇ ಕೊಂಬೆಯಲ್ಲಿ ಕುಳಿತುಬಿಡುವ ಕಪ್ಪೆಬಾಯಿ ಹಕ್ಕಿಗೆ ಈ ಕಾಡು ಹೆಸರುವಾಸಿ. ಅದನ್ನು ಕಾಣಬೇಕಾದರೆ ಮಾರ್ಗದರ್ಶಿ ಬೇಕು, ಮೌನವೂ ಬೇಕು. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ.

ದಿನಗಳ ಲೆಕ್ಕ ಹೀಗಿದೆ.

ಗುರುವಾರ: ಬೆಳಗ್ಗೆ ಪರಶುರಾಮ್ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯಾಹ್ನ ಎರ್ನಾಕುಲಂ. ಅಲ್ಲಿಂದ ಬಸ್ಸಿನಲ್ಲಿ ಕೋದಮಂಗಲಂ, ರಾತ್ರಿ ಅಲ್ಲೇ ವಾಸ. ದೂರದ ಪ್ರಯಾಣವನ್ನು ಮೊದಲ ದಿನವೇ ಮುಗಿಸಿಬಿಟ್ಟರೆ ಉಳಿದ ದಿನಗಳು ಹಗುರ.

ಶುಕ್ರವಾರ: ನಸುಕಿನಲ್ಲೇ ತಟ್ಟೇಕಾಡ್. ಬಿಸಿಲೇರಿದ ಮೇಲೆ ಹಕ್ಕಿಗಳು ಕಡಿಮೆ. ಮಧ್ಯಾಹ್ನ ಎರ್ನಾಕುಲಂಗೆ ಮರಳಿ, ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋದಲ್ಲಿ ಫೋರ್ಟ್ ಕೊಚ್ಚಿಗೆ. 2023ರಲ್ಲಿ ಶುರುವಾದ ಈ ಬ್ಯಾಟರಿ ದೋಣಿಗಳ ಟಿಕೆಟ್ ನಮ್ಮ ಜೇಬಿಗೆ ಎಟಕುತ್ತದೆ. ಪ್ರವಾಸಿ ದೋಣಿಗೆ ಬೇರೆ ದುಡ್ಡು ಕೊಡಬೇಕಾಗಿಲ್ಲ.

ಶನಿವಾರ: ನಗರ. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡಾಗ ಅವನನ್ನು ಮೊದಲು ಹೂಳಿದ್ದು ಸಂತ ಫ್ರಾನ್ಸಿಸರ ದೇವಾಲಯದಲ್ಲಿ. ಅದು ಪೋರ್ಚುಗೀಸರಿಂದ ಡಚ್ಚರಿಗೆ, ಅವರಿಂದ ಬ್ರಿಟಿಷರಿಗೆ ಹೋಗಿ ಇಂದು ಸಿಎಸ್‌ಐ ಸಭೆಯದಾಗಿದೆ. ಹತ್ತಿರದಲ್ಲೇ ಸಾಂತಾಕ್ರೂಜ್ ಬಸಿಲಿಕಾ. ಈಗಿನ ಕಟ್ಟಡ ಪ್ರತಿಷ್ಠೆಯಾದದ್ದು 1905ರಲ್ಲಿ. ಮಟ್ಟಾಂಚೇರಿಯ ಯೆಹೂದ್ಯರ ಸಿನಗಾಗ್ ಅವರ ಸಬ್ಬತ್ ಆದ ಶನಿವಾರ ತೆರೆಯುವುದಿಲ್ಲ. ಹೊರಗಿನಿಂದ ಆ ಬೀದಿ ನೋಡಿ ಬರೋಣ. ಸಂಜೆ ವಾಹನಗಳನ್ನೂ ದಾಟಿಸುವ ರೋ-ರೋ ದೋಣಿಯಲ್ಲಿ ವೈಪಿನ್ ದ್ವೀಪಕ್ಕೆ, ಅದರ ಉತ್ತರ ತುದಿಯ ಚೆರಾಯಿ ಕಡಲತೀರಕ್ಕೆ. ರಾತ್ರಿ ಅಲ್ಲೇ ವಾಸ.

ಭಾನುವಾರ: ವಲ್ಲಾರ್‌ಪಾಡಂ ಮಾತೆಯ ಬಸಿಲಿಕಾದಲ್ಲಿ ಬಲಿಪೂಜೆ. ಭಾಷೆ ಮಲಯಾಳಂ ಆದರೂ ವಿಧಿ ನಮ್ಮದೇ ಲ್ಯಾಟಿನ್ ವಿಧಿ. 1752ರಲ್ಲಿ ಬಿರುಗಾಳಿಗೆ ದೋಣಿ ಮಗುಚಿ ಮುಳುಗಿದ ಮೀನಾಕ್ಷಿಯಮ್ಮ ಎಂಬ ಹಿಂದೂ ತಾಯಿಯೂ ಅವರ ಮಗುವೂ ಮಾತೆಯ ಕೃಪೆಯಿಂದ ಬದುಕಿ ಬಂದರೆಂದು ಇಲ್ಲಿಯ ಜನ ನಂಬುತ್ತಾರೆ. ಇಂದಿಗೂ ಎಲ್ಲ ಧರ್ಮದವರೂ ಬರುವ ಕ್ಷೇತ್ರ ಇದು. ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್, ಸೋಮವಾರ ಬೆಳಗ್ಗೆ ಊರು.

ಹೆತ್ತವರಿಗೆ ಒಂದು ಮಾತು. ಕಡಲ ಬದಿಯಲ್ಲೇ ಹುಟ್ಟಿ ಬೆಳೆದವರು ಎಂಬ ಧೈರ್ಯದಿಂದ ಯಾರನ್ನೂ ನೀರಿಗೆ ಬಿಡುವುದಿಲ್ಲ. ಗೊತ್ತಿಲ್ಲದ ಕಡಲಿನ ಸೆಳೆತ ಈಜು ಬಲ್ಲವರನ್ನೂ ಎಳೆಯುತ್ತದೆ. ಕಾವಲುಗಾರರು ಇರುವಲ್ಲಿ, ಹಗಲಿನಲ್ಲಿ, ಮೊಣಕಾಲಿನವರೆಗೆ ಮಾತ್ರ. ಕತ್ತಲಾದ ಮೇಲೆ ಮರಳಿನ ಮೇಲೆ ಹಾಡು, ಜಪಸರ, ಊಟ. ಇದನ್ನು ಒಪ್ಪದವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ.

ಹಣದ ವಿಷಯಕ್ಕೂ ಒಂದು ದಾರಿ ಕಂಡುಕೊಂಡಿದ್ದೇವೆ. ಒಬ್ಬರಿಗೆ ಎಷ್ಟು ಖರ್ಚಾಗುತ್ತದೆ ಎಂಬುದನ್ನು ದೇವಾಲಯದ ಫಲಕದಲ್ಲಿ ಬರೆಯುತ್ತೇವೆ. ಪ್ರತಿಯೊಬ್ಬರಿಗೂ ಒಂದೇ ಬಗೆಯ ಲಕೋಟೆ, ಮೇಲೆ ಹೆಸರಿಲ್ಲ. ಆಗುವವರು ಪೂರ್ತಿ ಹಾಕಲಿ, ಇನ್ನೂ ಆಗುವವರು ಹೆಚ್ಚು ಹಾಕಲಿ, ಆಗದವರು ಎಷ್ಟಾಗುತ್ತದೋ ಅಷ್ಟು. ಎಲ್ಲ ಲಕೋಟೆಗಳನ್ನೂ ಒಟ್ಟಿಗೆ ತೆರೆಯುತ್ತೇವೆ. ಮೊತ್ತ ಸಾಲದಿದ್ದರೆ ಕಡಿಮೆಯಾಗುವುದು ಹೋಟೆಲಿನ ಕೋಣೆ ಅಥವಾ ಊಟದ ಐಟಂ, ಜನ ಅಲ್ಲ.

ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಊಟಕ್ಕೂ ಪುರುಸೊತ್ತಿಲ್ಲದೆ ದಣಿದ ಪ್ರೇಷಿತರನ್ನು ಯೇಸು ವಿಶ್ರಾಂತಿಗೆ ಕರೆದೊಯ್ಯುತ್ತಾರೆ. ವಿಶ್ರಾಂತಿಯನ್ನು ಅವರು ಸೋಮಾರಿತನ ಎನ್ನಲಿಲ್ಲ. ದೋಣಿಯಲ್ಲಿ ಜಾಗ ಯಾರಿಗೆ ಎಂದು ಲೆಕ್ಕವನ್ನೂ ಕೇಳಲಿಲ್ಲ, ಎಲ್ಲರನ್ನೂ ಒಟ್ಟಿಗೆ ಕರೆದರು. ನಮ್ಮ ಯೋಜನೆಯ ಆಧಾರ ಇಷ್ಟೇ.

ಲಕೋಟೆಗಳು ಮುಂದಿನ ಭಾನುವಾರ ಪೂಜೆಯ ನಂತರ ಸಿಗುತ್ತವೆ. "ಮನೆಯಲ್ಲಿ ಕೆಲಸ ಇದೆ" ಎನ್ನಲು ಹೊರಟವರೂ ದಯವಿಟ್ಟು ಒಂದನ್ನು ತೆಗೆದುಕೊಳ್ಳಿ.