ಲೆಕ್ಕಕ್ಕೆ ಬಾರದ ವೆಚ್ಚ

ಪ್ರಯಾಣಕ್ಕೆ ಹೊರಡುವ ಮುನ್ನ ದಾರಿಯನ್ನೂ ವೆಚ್ಚವನ್ನೂ ಅಳೆದು ನೋಡುವುದು ವಿವೇಕಿಗಳ ಲಕ್ಷಣ. ಆದರೆ ಅಳೆಯದೆ ಬಿಟ್ಟದ್ದು ಇಲ್ಲವೆಂದು ಭಾವಿಸುವುದು ವಿವೇಕವಲ್ಲ. ಎಷ್ಟೋ ವೇಳೆ ಅದನ್ನು ಬೇರೆ ಯಾರೋ ತೆರುತ್ತಿರುತ್ತಾರೆ. ಬೆಂಗಳೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಈ ಸಂಗತಿ ಮನದಟ್ಟಾದದ್ದು ಒಂದು ಕಾರು ಪ್ರಯಾಣದ ಸಿದ್ಧತೆಯ ಸಂದರ್ಭದಲ್ಲಿ.

ಅವರ ಅಕ್ಕನ ಮನೆ ಮೂಡುಬಿದಿರೆಯಲ್ಲಿದೆ. ಅಕ್ಕನ ಮೊಮ್ಮಗಳ ಮದುವೆಗೆ ದಂಪತಿಗಳಿಬ್ಬರೂ ಹೋಗಬೇಕಾಗಿತ್ತು. ವೃತ್ತಿಜೀವನದುದ್ದಕ್ಕೂ ಅಂಕಿಗಳೊಡನೆ ಬಾಳಿದ ಅವರಿಗೆ, ಮಾರ್ಗವನ್ನೂ ಖರ್ಚನ್ನೂ ಲೆಕ್ಕ ಹಾಕಿಕೊಡುವ ಅಂತರಜಾಲದ ಸೌಲಭ್ಯವು ಬಹಳ ಪ್ರಿಯವಾಗಿತ್ತು. ಹೊರಡುವ ಸ್ಥಳ, ತಲಪುವ ಸ್ಥಳ, ಕಾರಿನ ಬಗೆ, ಒಂದು ಲೀಟರಿಗೆ ಅದು ಓಡುವ ದೂರ, ಪೆಟ್ರೋಲಿನ ದರ ಇಷ್ಟನ್ನು ತುಂಬಿದರೆ ಸಾಕು. ದೂರ, ಕಾಲ, ಇಂಧನ, ಸುಂಕ ಎಲ್ಲವೂ ಕ್ಷಣಾರ್ಧದಲ್ಲಿ ಪರದೆಯ ಮೇಲೆ ಮೂಡುತ್ತಿದ್ದವು.

ಹಾಸನದವರೆಗೆ ದಾರಿ ಒಂದೇ. ಅಲ್ಲಿಂದ ಮುಂದೆ ಸಕಲೇಶಪುರದ ಮೂಲಕ ಶಿರಾಡಿ ಘಟ್ಟವನ್ನು ಇಳಿಯಬಹುದು. ಇಲ್ಲವೆ ಬೇಲೂರು, ಮೂಡಿಗೆರೆಗಳನ್ನು ಹಾದು ಚಾರ್ಮಾಡಿಯನ್ನು ಇಳಿಯಬಹುದು. ಅವರು ಶಿರಾಡಿಯನ್ನು ಆರಿಸಿದರು. ದೂರ ಸುಮಾರು 350 ಕಿಲೋಮೀಟರು, ಕಾಲ ಏಳೂವರೆ ಗಂಟೆ. ಹೋಗಿ ಬರಲು 700 ಕಿಲೋಮೀಟರು. ಲೀಟರಿಗೆ 14ರಂತೆ 50 ಲೀಟರ್. ದರ 100 ರೂಪಾಯಿ ಎಂದು ಹಿಡಿದರೂ 5,000 ರೂಪಾಯಿ.

ಇಷ್ಟಕ್ಕೇ ಅವರು ತೃಪ್ತರಾಗಲಿಲ್ಲ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ, 24 ಗಂಟೆಗಳೊಳಗೆ ಅದೇ ಸುಂಕದ ಕಟ್ಟೆಯನ್ನು ದಾಟಿ ಹಿಂದಿರುಗಿದರೆ ಎರಡು ಪಟ್ಟಿನ ಬದಲು ಒಂದೂವರೆ ಪಟ್ಟು ಕೊಟ್ಟರೆ ಸಾಕೆಂಬುದು ಅವರಿಗೆ ತಿಳಿದಿತ್ತು. ಬೆಳಗಿನ ಜಾವ ಮೂರಕ್ಕೆ ಹೊರಟರೆ ಮುಹೂರ್ತದ ಹೊತ್ತಿಗೆ ತಲಪಬಹುದು. ಊಟ ಮುಗಿಸಿ ನಾಲ್ಕಕ್ಕೆ ಹೊರಟರೆ ನಡುರಾತ್ರಿಗೆ ಮುನ್ನ ಮನೆ ಸೇರಬಹುದು. ಸುಂಕ ಉಳಿಯಿತು, ಚಾಲಕನ ಎರಡನೆಯ ದಿನದ ಕೂಲಿ ಉಳಿಯಿತು, ರಾತ್ರಿಯ ಬಾಟಾ, ಕೊಠಡಿಯ ಬಾಡಿಗೆ ಉಳಿದವು. ಒಟ್ಟು ಉಳಿತಾಯ ಸುಮಾರು 2,500 ರೂಪಾಯಿ. ಅದರ ಕೆಳಗೆ ಎರಡು ಗೆರೆ ಎಳೆದು, ಹಾಳೆಯನ್ನು ಪತ್ನಿಯ ಮುಂದಿಟ್ಟರು.

ಆಕೆ ಕನ್ನಡಕವನ್ನು ಸರಿಪಡಿಸಿಕೊಂಡು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ಎಲ್ಲ ಬರೆದಿದ್ದೀರಿ. ಕಾರು ಓಡಿಸುವ ಹುಡುಗ ಯಾವಾಗ ಮಲಗುತ್ತಾನೆ ಅಂತ ಮಾತ್ರ ಬರೆದಿಲ್ಲವಲ್ಲ" ಎಂದರು. ಸ್ವಲ್ಪ ತಡೆದು, "ಹೋದ ಸಲದ ಹಾಗೆ ಆಗುವುದು ಬೇಡ ರೀ" ಎಂದು ಸೇರಿಸಿದರು.

ಹೋದ ಸಲದ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮೂರು ವರ್ಷಗಳ ಹಿಂದೆ ಅವರು ಇದೇ ಲೆಕ್ಕದಲ್ಲಿ ಅಕ್ಕನ ಮನೆಗೆ ಹೋಗಿ ಅಂದೇ ಹಿಂದಿರುಗಿದ್ದರು. ಘಟ್ಟದಲ್ಲಿ ವಾಹನಗಳ ಸಾಲು ನಿಂತು ಹಾಸನಕ್ಕೆ ಬರುವಾಗಲೇ ನಡುರಾತ್ರಿಯಾಗಿತ್ತು. ಕಾಫಿಗೆಂದು ನಿಲ್ಲಿಸಿದಾಗ ಚಾಲಕನು, "ಸಾರ್, ಒಂದರ್ಧ ಗಂಟೆ ಮಲಗಿ ಹೊರಡೋಣವೇ?" ಎಂದು ಕೇಳಿದ್ದ. "ಇನ್ನು ಮೂರು ಗಂಟೆಯ ದಾರಿ. ಮನೆಗೆ ಹೋಗಿಯೇ ಮಲಗಿದರಾಯಿತು" ಎಂದು ಇವರು ಉತ್ತರಿಸಿದ್ದರು. ಹಿರಿಸಾವೆಯ ಸಮೀಪ ಅವನ ಕಣ್ಣು ಒಂದು ಕ್ಷಣ ಮುಚ್ಚಿತು. ಕಾರು ರಸ್ತೆಯ ಅಂಚಿಗೆ ಜಾರಿ, ಅಲ್ಲಿ ನಿಂತಿದ್ದ ನಾಯಿಯೊಂದಕ್ಕೆ ಬಡಿಯಿತು. ಮುಂದಿನ ದೀಪ ಒಡೆಯಿತು. ಕಾರು ನಿಂತಿತು; ಆದರೆ ಯಾರೂ ಕೆಳಗಿಳಿಯಲಿಲ್ಲ. ಹಿಂದಿನಿಂದ ಆ ಪ್ರಾಣಿಯ ಕೂಗು ಕೇಳುತ್ತಿತ್ತು. "ಹೊರಡು, ತಡವಾಯಿತು" ಎಂದು ಹೇಳಿದವರು ಇವರೇ.

ಮರುದಿನ ಒಡೆದ ದೀಪದ ಬಾಬ್ತು ಚಾಲಕನ 1,200 ರೂಪಾಯಿ ಕೂಲಿಯಲ್ಲಿ 600 ರೂಪಾಯಿಗಳನ್ನು ಮುರಿದುಕೊಂಡರು. ಅವನು ಮರುಮಾತಾಡದೆ ಉಳಿದ ಹಣವನ್ನು ಪಡೆದು ಹೋದ. ಅಜಾಗರೂಕತೆಗೆ ತಕ್ಕ ದಂಡ ಎಂಬುದು ಅಂದಿನ ಅವರ ನಿರ್ಣಯವಾಗಿತ್ತು. ಅಜಾಗರೂಕತೆ ಯಾರದೆಂಬ ಪ್ರಶ್ನೆಯನ್ನು ಅವರು ಕೇಳಿಕೊಂಡಿರಲಿಲ್ಲ.

ಮಾರ್ಗವನ್ನು ಲೆಕ್ಕ ಹಾಕುವ ಇಂತಹ ಸೌಲಭ್ಯಗಳ ಹಿಂದಿನ ತತ್ತ್ವ ಸರಳವಾದದ್ದು. ಕೂಡುರಸ್ತೆಗಳು ಬಿಂದುಗಳು, ಅವುಗಳ ನಡುವಿನ ದಾರಿಗಳು ಗೆರೆಗಳು. ಪ್ರತಿಯೊಂದು ಗೆರೆಗೂ ದೂರ, ಕಾಲ ಅಥವಾ ಹಣದ ರೂಪದಲ್ಲಿ ಒಂದು ಭಾರವನ್ನು ಕಟ್ಟಲಾಗುತ್ತದೆ. ಒಟ್ಟು ಭಾರವು ಅತಿ ಕಡಿಮೆಯಾಗುವ ದಾರಿಯನ್ನು ಕಂಡುಹಿಡಿಯುವ ಪ್ರಸಿದ್ಧ ವಿಧಾನವೊಂದನ್ನು ನೆದರ್ಲೆಂಡ್ಸಿನ ಎಡ್ಸ್ಗರ್ ಡೈಕ್‌ಸ್ಟ್ರಾ ಅವರು 1956ರಲ್ಲಿ ರೂಪಿಸಿ 1959ರಲ್ಲಿ ಪ್ರಕಟಿಸಿದರು. ಅನಂತರ ಅನೇಕ ಸುಧಾರಣೆಗಳಾಗಿವೆ. ಆದರೆ ಕೊಟ್ಟ ಭಾರಗಳನ್ನು ಮಾತ್ರ ತೂಗುವ ಗುಣ ಹಾಗೆಯೇ ಉಳಿದಿದೆ. ಯಂತ್ರವು ಸುಳ್ಳು ಹೇಳುವುದಿಲ್ಲ. ಏಳೂವರೆ ಗಂಟೆ ಎಂದು ಅದು ಹೇಳಿದರೆ ಅದು ರಸ್ತೆಯ ಅಳತೆ. ಆ ರಸ್ತೆಯಲ್ಲಿ ಎಚ್ಚರವಾಗಿರಬೇಕಾದ ಕಣ್ಣುಗಳ ಅಳತೆಯಲ್ಲ. ಯಾವುದನ್ನು ತೂಕಕ್ಕೆ ಹಾಕಬೇಕೆಂಬ ಹೊಣೆ ಹೊರಡುವವನದೇ.

ಕಣ್ಣುಗಳಿಗೂ ಅಳತೆ ಬೇಕೆಂಬುದು ಹೊಸ ವಿಚಾರವೇನೂ ಅಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಸಾಮಾನ್ಯವಾಗಿ ದಿನಕ್ಕೆ 8 ಗಂಟೆಗಳ ದುಡಿಮೆಯ ಮಿತಿಯನ್ನೂ, 5 ಗಂಟೆ ತುಂಬುವ ಮುನ್ನ ಅರ್ಧ ಗಂಟೆಯ ವಿಶ್ರಾಂತಿಯನ್ನೂ ಗೊತ್ತುಪಡಿಸಿತ್ತು. ಆದರೆ ಅದು ಐವರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಸಾರಿಗೆ ಸಂಸ್ಥೆಗಳಿಗಾಗಿ ಮಾಡಿದ ಕಾಯಿದೆ. ಒಂದು ದಿನದ ಮಟ್ಟಿಗೆ ಒಬ್ಬರ ಮನೆಯ ಕಾರನ್ನು ಓಡಿಸಲು ಬರುವ ಒಂಟಿ ಚಾಲಕನಿಗೆ, ಕಾರಿನ ಒಡೆಯನ ಮನಸ್ಸಾಕ್ಷಿಯೇ ಕಾಯಿದೆ. ಇವರ ಹಾಳೆಯಲ್ಲಿದ್ದದ್ದು 15 ಗಂಟೆಗಳ ಚಾಲನೆ. ಉಳಿತಾಯವೆಂದು ಅವರು ಗೆರೆ ಎಳೆದಿದ್ದ 2,500 ರೂಪಾಯಿ ನಿಜವಾಗಿ ಉಳಿದದ್ದಲ್ಲ. ಮತ್ತೊಬ್ಬನ ನಿದ್ರೆಯಿಂದ ತೆಗೆದದ್ದು.

ಅಂದು ರಾತ್ರಿ ಅವರು ಹೊಸ ಹಾಳೆಯಲ್ಲಿ ಲೆಕ್ಕವನ್ನು ಮೊದಲಿನಿಂದ ಬರೆದರು. ಮದುವೆಯ ಹಿಂದಿನ ದಿನ ಬೆಳಗ್ಗೆ ಆರಕ್ಕೆ ಹೊರಡುವುದು. ರಾತ್ರಿ ಅಲ್ಲಿಯೇ ತಂಗುವುದು. ಮರುದಿನ ಊಟದ ನಂತರ ಹಿಂದಿರುಗುವುದು. ಸುಂಕ ಎರಡು ಪಟ್ಟು. ಕೂಲಿ ಎರಡು ದಿನದ್ದು. ಚಾಲಕನಿಗೆ ಪ್ರತ್ಯೇಕ ಕೊಠಡಿ, ಕಾರಿನೊಳಗೆ ಮಲಗಿಸುವುದಿಲ್ಲ. ದಾರಿಯಲ್ಲಿ ಎರಡು ಕಡೆ ಅರ್ಧರ್ಧ ಗಂಟೆಯ ನಿಲುಗಡೆ. ಮೊತ್ತ ಹೆಚ್ಚಾಯಿತು. ಆ ಮೊತ್ತದ ಕೆಳಗೆ ಗೆರೆ ಎಳೆಯಲು ಹೋದವರು ತಡೆದು, ಮತ್ತೊಂದು ಬಾಬ್ತನ್ನು ಬರೆದರು: ಹಿಂದಿನ ಚಾಲಕನಿಗೆ ಸಲ್ಲಬೇಕಾದದ್ದು, 600.

ಬೆಳಗಾದ ಮೇಲೆ ಆ ಚಾಲಕನ ದೂರವಾಣಿ ಸಂಖ್ಯೆಯನ್ನು ಹುಡುಕಿ ಕರೆದರು. ಅದು ಬಳಕೆಯಲ್ಲಿರಲಿಲ್ಲ. ಅವನನ್ನು ಪರಿಚಯಿಸಿದ್ದ ಅಂಗಡಿಯವರನ್ನು ವಿಚಾರಿಸಿದರು. ಚಾಲಕ ವೃತ್ತಿಯನ್ನು ಬಿಟ್ಟು ಊರಿಗೆ ಹೋದನೆಂಬುದಷ್ಟೇ ಅವರಿಗೆ ಗೊತ್ತಿತ್ತು. ಯಾವ ಊರೆಂಬುದು ಗೊತ್ತಿರಲಿಲ್ಲ.

ಮದುವೆ ಚೆನ್ನಾಗಿ ನಡೆಯಿತು. ಹಿಂದಿರುಗುವಾಗ ಹಾಸನದಲ್ಲಿ, ಕೇಳುವ ಮೊದಲೇ ಹೊಸ ಚಾಲಕನಿಗೆ ವಿಶ್ರಮಿಸಲು ಹೇಳಿ, ದಂಪತಿಗಳು ಹೋಟೆಲಿನ ಹೊರಗಿನ ಬೆಂಚಿನ ಮೇಲೆ ಕುಳಿತರು. ಹಿರಿಸಾವೆ ಸಮೀಪಿಸಿದಾಗ ಅವರು ಮಾತು ನಿಲ್ಲಿಸಿ ಕಿಟಕಿಯ ಕಡೆಗೆ ನೋಡುತ್ತಿದ್ದರು. ಪತ್ನಿಯೂ ಏನನ್ನೂ ಕೇಳಲಿಲ್ಲ.

600 ರೂಪಾಯಿಗಳ ಆ ಬಾಬ್ತು ಅವರ ಪುಸ್ತಕದಲ್ಲಿ ಇಂದಿಗೂ ಹಾಗೆಯೇ ಇದೆ. ಅಷ್ಟು ಹಣವನ್ನು ಬೇರೊಂದು ಸತ್ಕಾರ್ಯಕ್ಕೆ ಕೊಟ್ಟು ಕೈ ತೊಳೆದುಕೊಳ್ಳಬಹುದೆಂದು ಹಿತೈಷಿಗಳೊಬ್ಬರು ಸೂಚಿಸಿದ್ದುಂಟು. ಅವರು ಒಪ್ಪಲಿಲ್ಲ. ಒಬ್ಬನಿಗೆ ಸಲ್ಲಬೇಕಾದದ್ದನ್ನು ಮತ್ತೊಬ್ಬನಿಗೆ ಕೊಟ್ಟರೆ ಅದು ದಾನವಾದೀತು, ಋಣಪರಿಹಾರವಾಗದು ಎಂಬುದು ಬ್ಯಾಂಕಿನಲ್ಲಿ ದುಡಿದವರಿಗೆ ತಿಳಿಯದ ವಿಷಯವಲ್ಲ. ರಸ್ತೆಯಂಚಿನ ಆ ಮೂಕಪ್ರಾಣಿಯ ಬಾಬ್ತಿಗಂತೂ ಅವರು ಯಾವ ಅಂಕಿಯನ್ನೂ ಬರೆಯಲಾರದೆ ಹೋದರು. ಹೊಸ ಪ್ರಯಾಣದ ಲೆಕ್ಕಕ್ಕೆ ಕುಳಿತಾಗಲೆಲ್ಲ ಅವರು ಮೊದಲು ಆ ಪುಟವನ್ನು ತೆರೆದು ನೋಡುತ್ತಾರೆ. ದಾರಿಯನ್ನು ಹುಡುಕುವುದು ಅದಾದ ಮೇಲೆ.